‘ಸ್ವಲ್ಪ ಸರ್ವೀಸ್ ಬೇಕು’ ಎಂದು ಬರೆಯದೆ ಬೇಸ್ ಗಿಟಾರ್ ಮಾರುವುದು

ಹಳೆಯ ವಾದ್ಯ ಮಾರುವವರು ಬರೆಯುವ ‘ಒಳ್ಳೆಯ ಕಂಡೀಷನ್, ಸ್ವಲ್ಪ ಸರ್ವೀಸ್ ಬೇಕು’ ಎಂಬ ಮಾತನ್ನು ನಂಬುವುದನ್ನು ನಾನು ಬಿಟ್ಟು ಬಹಳ ವರ್ಷಗಳಾದವು. ಆದರೆ ಕಳೆದ ತಿಂಗಳು ನನ್ನದೇ ಬೇಸ್ ಗಿಟಾರನ್ನು (ತಗ್ಗಿನ ಸ್ವರಗಳ ನಾಲ್ಕು ತಂತಿಯ ಗಿಟಾರ್) ಮಾರಲು ಕುಳಿತಾಗ ಮೊದಲು ಹೊಳೆದದ್ದು ಅದೇ ಮಾತು. ಆ ‘ಸ್ವಲ್ಪ’ದೊಳಗೆ ನೂರಿನ್ನೂರು ರೂಪಾಯಿಯ, ವೈರ್ ಸಿಕ್ಕಿಸುವ ಜಾಕ್ ಅಡಗಿರಬಹುದು, ವಾದ್ಯದ ಬೆಲೆಯನ್ನೇ ನುಂಗಿಹಾಕುವ ನೆಕ್‌ನ (ತಂತಿಗಳು ಹಾಯುವ ಉದ್ದನೆಯ ಕತ್ತಿನ) ದೋಷವೂ ಅಡಗಿರಬಹುದು. ಯಾವುದು ಎಂದು ಬಲ್ಲವನು ಮಾರುವವನೊಬ್ಬನೇ. ಆದ್ದರಿಂದ ಬಾಯಿ ಬಿಡಬೇಕಾದವನೂ ಅವನೇ ಎಂಬುದು ನನ್ನ ಅಭಿಪ್ರಾಯ.

ನನ್ನದು ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್‌ನ ನಕಲು. ಮೂಲ ವಾದ್ಯ ಹೊರಬಂದದ್ದು 1951ರಲ್ಲಿ. ಎರಡು ತುಂಡುಗಳಾಗಿ ಸೀಳಿದಂತೆ ಕಾಣುವ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಅದಕ್ಕೆ ಸೇರಿದ್ದು 1957ರಲ್ಲಿ. ನಕಲು ಮಾಡಿದವರು ಆ ಎರಡನೆಯ ರೂಪವನ್ನೇ ಅನುಸರಿಸಿದ್ದಾರೆ. ನಮ್ಮ ಸೋದರಮಾವ ಇದನ್ನು ಹೆಗಲಿಗೇರಿಸಿಕೊಂಡು ಕರಾವಳಿಯ ಗಣೇಶೋತ್ಸವಗಳ ಆರ್ಕೆಸ್ಟ್ರಾಗಳಲ್ಲಿ ಬೆಳಗಿನ ಜಾವದವರೆಗೂ ನುಡಿಸುತ್ತಿದ್ದರು. ತಂತಿಗಳ ಬುಡವನ್ನು ಹಿಡಿದಿಡುವ ಬ್ರಿಡ್ಜಿನ ಸಣ್ಣ ಸ್ಕ್ರೂಗಳನ್ನು ತಿಂದದ್ದು ಅಲ್ಲಿಯ ಉಪ್ಪುಗಾಳಿಯೋ ಮಾವನ ಅಂಗೈ ಬೆವರೋ ಹೇಳಲಾರೆ. ಅದು ನನ್ನ ಕೈಗೆ ಬಂದ ಮೇಲೆ ಬೆಂಗಳೂರಿನ ಮನೆಯಲ್ಲಿ ಮಂಚದಡಿ ಹನ್ನೊಂದು ವರ್ಷ ಮಲಗಿತ್ತು. ತಂತಿಗಳನ್ನು ಸಡಿಲಿಸದೆ ಹಾಗೆಯೇ ಇಟ್ಟದ್ದು ನನ್ನ ತಪ್ಪು.

ಆ ತಪ್ಪಿನ ಫಲ ನೆಕ್‌ನಲ್ಲಿ ಕಾಣುತ್ತದೆ. ಬೇಸ್‌ನ ನಾಲ್ಕು ತಂತಿಗಳು ಸೇರಿ ಸುಮಾರು 70 ಕಿಲೋಗಿಂತಲೂ ಹೆಚ್ಚಿನ ಬಲದಿಂದ ನೆಕ್ಕನ್ನು ಬಿಲ್ಲಿನಂತೆ ಎಳೆಯುತ್ತಿರುತ್ತವೆ. ಮರದೊಳಗೆ ಹುದುಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಆ ಎಳೆತಕ್ಕೆ ಎದುರಾಗಿ ನಿಂತು ನೆಕ್ಕನ್ನು ನೆಟ್ಟಗಿಡಬೇಕು. ಪರೀಕ್ಷಿಸುವುದು ಸುಲಭ: ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ (ಫ್ರೆಟ್ ಎಂದರೆ ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿ) ಕೊನೆಯ ಫ್ರೆಟ್ಟಿನಲ್ಲೂ ಏಕಕಾಲಕ್ಕೆ ಒತ್ತಿ ಹಿಡಿದು, ಏಳೆಂಟನೆಯ ಫ್ರೆಟ್ಟಿನ ಮೇಲೆ ತಂತಿಗೂ ಲೋಹಕ್ಕೂ ನಡುವೆ ಎಷ್ಟು ಸಂದು ಉಳಿಯಿತೆಂದು ನೋಡಬೇಕು. ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟಿದ್ದರೆ ಸರಿ. ನನ್ನದರಲ್ಲಿ ಐದು ಕಾರ್ಡುಗಳನ್ನು ಒಟ್ಟಿಗೆ ತೂರಿಸಿದೆ, ಆಮೇಲೂ ಜಾಗ ಉಳಿಯಿತು. ಸರಳಿನ ತುದಿಯ ನಟ್ಟಿಗೆ ಅಲೆನ್ ಕೀ ಹಾಕಿ ಕಾಲು ಸುತ್ತು ತಿರುಗಿಸಿದೊಡನೆ ಅದು ಬಿಗಿದುಕೊಂಡಿತು. ಇನ್ನಷ್ಟು ಬಲ ಹಾಕಿದರೆ ಸರಳೇ ಮುರಿಯಬಹುದೆಂದು ಕೈಬಿಟ್ಟೆ. ನಟ್ಟಿನ ಕೆಳಗೆ ವಾಷರ್ ಸೇರಿಸಿದರೆ ಇನ್ನೆರಡು ಸುತ್ತು ಸಿಗಬಹುದು, ಅದೂ ಆಗದಿದ್ದರೆ ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ನೆಕ್ಕನ್ನೇ ಕೂರಿಸಬೇಕಾದೀತು. ಈ ಮಾತು ಜಾಹೀರಾತಿನ ಮೊದಲ ಸಾಲಿನಲ್ಲಿರಬೇಕೇ ಹೊರತು, ಕೊಳ್ಳುವವರು ತುಮಕೂರಿನಿಂದ ಬಸ್ಸು ಹಿಡಿದು ಬಂದು ನಮ್ಮ ಮನೆಯ ಸೋಫಾದಲ್ಲಿ ಕುಳಿತ ಮೇಲೆ ತಿಳಿಯುವಂತಾಗಬಾರದು.

ಉಳಿದದ್ದೆಲ್ಲ ಹಗುರ. ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು, ಬ್ರಿಡ್ಜಿಗೆ ಹೋಗುವ ಅರ್ಥ್ ವೈರಿನ ಬೆಸುಗೆ ಬಿಟ್ಟಿರುವುದರಿಂದ ಗುಂಯ್‌ಗುಟ್ಟುವಿಕೆ, ಬಿಗಿಯಾದ ಒಂದು ಬಿರಡೆ. ಪಿಕಪ್ ಮಾತ್ರ ಗಟ್ಟಿಯಾಗಿದೆ; ಮೀಟರಿಟ್ಟು ನೋಡಿದರೆ ರೋಧ 10 ಕಿಲೋಓಮ್‌ನ ಆಸುಪಾಸು, ಇಂಥ ಪಿಕಪ್ಪಿಗೆ ಇರಬೇಕಾದಷ್ಟೇ, ತೋರಿಸುತ್ತದೆ.

ಪರಿಚಯದ ಅಂಗಡಿಯವರೊಬ್ಬರು, “ಬಣ್ಣ ಹೊಡೆಸಿ, ತಂತಿ ಬದಲಾಯಿಸಿ ಸಾರ್, ಎರಡರಷ್ಟು ಬೆಲೆ ಬರುತ್ತದೆ” ಎಂದರು. ನಾನು ಒಪ್ಪಲಿಲ್ಲ. ಬಾಗಿದ ನೆಕ್ಕಿನ ವಾದ್ಯಕ್ಕೆ ಬಣ್ಣ ಹೊಡೆಯುವುದು ಗೆದ್ದಲು ಹಿಡಿದ ಬಾಗಿಲಿಗೆ ವಾರ್ನಿಷ್ ಬಳಿದಂತೆ. ಅದಕ್ಕಿಂತ ಮುಖ್ಯವಾಗಿ, ಹಳೆಯ ವಾದ್ಯವನ್ನು ದುರಸ್ತಿಗೆಂದೇ ಕೊಳ್ಳುವವರಿಗೆ ಮೂಲ ಬಣ್ಣ ಉಳಿದಿರುವುದೇ ಬೇಕು. ಅರೆಬರೆ ರಿಪೇರಿ ಮಾಡಿ ಕೊಟ್ಟರೆ, ನಾವು ಮಾಡಿದ್ದನ್ನು ಮೊದಲು ಕಿತ್ತುಹಾಕುವ ಕೆಲಸ ಅವರ ಪಾಲಿಗೆ ಬರುತ್ತದೆ. ಮಾವನ ಮೊಣಕೈ ಉಜ್ಜಿ ಉಜ್ಜಿ ಮರ ಕಾಣುವಂತಾದ ಜಾಗವೊಂದಿದೆ. ಅದನ್ನು ಮುಚ್ಚಲು ನನಗೆ ಮನಸ್ಸೂ ಬರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಬೆಲೆ 7,000 ರೂಪಾಯಿ ಎಂದಿಟ್ಟಿದ್ದೇನೆ. ಬೇರೆ ನೆಕ್ ಹಾಕಿಸುವ ಖರ್ಚನ್ನು ಮೊದಲೇ ಕಳೆದು ಬರೆದಿರುವುದರಿಂದ ಚೌಕಾಸಿಗೆ ಹೆಚ್ಚು ಅವಕಾಶವಿಲ್ಲ. ಬರುವವರು ಸ್ಕ್ರೂಡ್ರೈವರ್ ತಂದರೆ ನನ್ನ ಮುಂದೆಯೇ ನೆಕ್ ಬಿಚ್ಚಿ ನೋಡಬಹುದು. ತುಕ್ಕು ಹಿಡಿದ ಹಳೆಯ ಸ್ಕ್ರೂಗಳನ್ನೂ ಮಾವ ಎತ್ತಿಟ್ಟಿದ್ದ ಒಂದು ಬಿರಡೆಯನ್ನೂ ಅಮೃತಾಂಜನದ ಖಾಲಿ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ, ಅದನ್ನೂ ಜೊತೆಗೆ ಕೊಡುತ್ತೇನೆ.