‘ಈ ಹಾಡು ನೀನೇ ಬರೆದಿದ್ದಾ?’

ವರಮಹಾಲಕ್ಷ್ಮಿ ಹಬ್ಬಕ್ಕೆ ಪಕ್ಕದ ಮನೆಯ ಅಮೆರಿಕನ್ ಅಜ್ಜಿಯನ್ನೂ ಕರೆದಿದ್ದೆವು. ಮಗಳು ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಹಾಡಿದಳು. ಅಜ್ಜಿ ಕಣ್ಣರಳಿಸಿ, ‘ಈ ಹಾಡು ನೀನೇ ಬರೆದಿದ್ದಾ?’ ಅಂದರು. ನಾವೆಲ್ಲ ನಕ್ಕೆವು. ಮಗಳು ನಗಲಿಲ್ಲ. ‘ನಾನೂ ಬರೀಬಹುದಾ ಅಪ್ಪಾ?’ ಅಂದಳು. ನನಗೆ ಚುರುಕ್ಕೆಂದಿತು.

ನಾವಿರುವುದು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ, ಅಲ್ಲಿನ ಜನಪ್ರಿಯ ‘ಕಂಟ್ರಿ’ ಸಂಗೀತದ ತವರಿನಲ್ಲಿ. ಹಾಡುವವರನ್ನು ಕಂಡರೆ ಇಲ್ಲಿನವರಿಗೆ ಮೊದಲು ಬರುವ ಪ್ರಶ್ನೆಯೇ ಅದು. ಹತ್ತಿರದ ಹೆಂಡರ್ಸನ್‌ವಿಲ್‌ನಲ್ಲಿ ಒಂಬತ್ತನೇ ಕ್ಲಾಸು ಓದುತ್ತಿದ್ದ ಟೇಲರ್ ಸ್ವಿಫ್ಟ್, ಈಗಿನ ಪ್ರಸಿದ್ಧ ಗಾಯಕಿ, ಗಣಿತದ ಪಿರಿಯಡ್ಡಿನಲ್ಲಿ ಕೂತು ಒಂದು ಹಾಡು ಗುನುಗಿಕೊಂಡಳು. ಅವಳ ಹುಡುಗ ಕಾಲೇಜಿಗೆಂದು ಹೊರಟು ನಿಂತಿದ್ದ. ಅವನಿಗೆ ತನ್ನ ನೆನಪು ಯಾವುದರಿಂದ ಬಂದೀತು? ತನಗಿಷ್ಟವಾದ ಕಂಟ್ರಿ ಗಾಯಕನ ಹೆಸರನ್ನೇ ಹಾಡಿಗಿಟ್ಟಳು: ‘ಟಿಮ್ ಮೆಗ್ರಾ’. 2006ರ ಜೂನ್‌ನಲ್ಲಿ ಅದೇ ಅವಳ ಮೊದಲ ಸಿಂಗಲ್, ಅಂದರೆ ಬಿಡಿಯಾಗಿ ಬಿಡುಗಡೆಯಾದ ಹಾಡು, ಆಯಿತು. ಆಗ ವಯಸ್ಸು 16. ಜನಪ್ರಿಯ ಹಾಡುಗಳ ಪಟ್ಟಿ ಮಾಡುವ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ 6ನೇ ಸ್ಥಾನದವರೆಗೂ ಹೋಯಿತು. ಹಾಡಿನಲ್ಲಿ ಇರುವುದೇನು? ಒಂದು ಟ್ರಕ್ಕು, ಕೆರೆಯ ಮೇಲಿನ ಬೆಳದಿಂಗಳು, ಕಪ್ಪು ಡ್ರೆಸ್ಸು. ಎಲ್ಲ ಆ ವಯಸ್ಸಿನ ಕಣ್ಣು ಕಂಡಿದ್ದೇ.

ಗಣಿತದ ಪಿರಿಯಡ್ಡಿನಲ್ಲಿ ನಾನೂ ಪದ್ಯ ಬರೆದವನೇ. ದಾವಣಗೆರೆಯಲ್ಲಿ, ಎಂಟನೇ ಕ್ಲಾಸು. ಮೇಷ್ಟ್ರು ಹಾಳೆ ಹರಿದು, ‘ಮೊದ್ಲು ಪ್ರಮೇಯ ಕಲಿಯಪ್ಪ’ ಅಂದರು. ಆಮೇಲೆ ನಾನು ಬರೆಯಲಿಲ್ಲ. ತಂಗಿ ಸಂಗೀತಕ್ಕೆ ಹೋದಳು. ಸರಳೆ, ಜಂಟಿ ವರಸೆ, ಅಲಂಕಾರ, ಪಿಳ್ಳಾರಿ ಗೀತೆ. ಹತ್ತು ವರ್ಷ ಕಲಿತಳು. ನಿನ್ನದೇ ಒಂದು ಸಾಲು ಕಟ್ಟು ಮಗಳೇ ಅಂತ ಒಬ್ಬರೂ ಹೇಳಲಿಲ್ಲ. ಹಾಡುವವರೇ ಸ್ಥಳದಲ್ಲೇ ಸ್ವರ ಕಟ್ಟುವ ಕಲ್ಪನಾ ಸ್ವರ ಇದೆಯಲ್ಲ ಅನ್ನಬಹುದು. ಅದು ಬರುವುದು ಎಷ್ಟು ವರ್ಷದ ಮೇಲೆ? ಅಷ್ಟರಲ್ಲಿ ಎಷ್ಟು ಮಕ್ಕಳು ಬಿಟ್ಟು ಹೋಗಿರುತ್ತಾರೆ? ಟಿವಿಯಲ್ಲಿ ಹಾಡುವ ಮಕ್ಕಳನ್ನು ನೋಡಿ. ಎಂಥ ಕಂಠ! ಆದರೆ ಬಾಯಲ್ಲಿ ಜಾಸ್ತಿ ಹಳೇ ಸಿನಿಮಾ ಹಾಡುಗಳೇ. ತಪ್ಪಿಲ್ಲದೆ ಒಪ್ಪಿಸುವುದನ್ನೇ ನಾವು ಕಲಿಕೆ ಅಂದುಕೊಂಡುಬಿಟ್ಟಿದ್ದೇವೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಒಂದು ಮಾತನ್ನು ಒಪ್ಪಲೇಬೇಕು. ಆ ಹುಡುಗಿಯೂ ಒಬ್ಬಳೇ ಹಾಡು ಮುಗಿಸಲಿಲ್ಲ. ಹಾಡು ಬರೆಯುವುದೇ ಕಸುಬಾಗಿದ್ದ ಲಿಜ್ ರೋಸ್ ಜೊತೆಗೆ ಕೂತು ಬರೆದರು. ಇನ್ನು, ಅವತ್ತು ಅಜ್ಜಿಗೆ ನಾನು ಹೇಳಿದ್ದೂ ಸುಳ್ಳಲ್ಲ. ಬರೆದವರ ಗುರುತು ಹಾಡಿನೊಳಗೇ ಇದೆ ಅಂದೆ. ಸುಮಾರು 500 ವರ್ಷದಿಂದ ಯಾರು ಹಾಡಿದರೂ ಪುರಂದರ ವಿಠಲ ಅಂತ ಅಂಕಿತ ಬಂದೇ ಬರುತ್ತೆ. ಅಷ್ಟು ಕಾಲ ಉಳಿಯುವುದಕ್ಕೆ ತಪ್ಪಿಲ್ಲದೆ ಒಪ್ಪಿಸಿದವರೂ ಬೇಕಾಯಿತು, ಅಲ್ವಾ?

ಹಾಗಾಗಿ ಮಗಳ ಪಾಠ ಬಿಡಿಸಿಲ್ಲ. ದಿನದ ಅಭ್ಯಾಸದಲ್ಲಿ ಕೊನೆಯ ಹತ್ತು ನಿಮಿಷ ಮಾತ್ರ ಅವಳದೇ ಹಾಡಿಗೆ. ಸಂಗೀತದ ಮೇಡಂಗೆ ಇನ್ನೂ ಹೇಳಿಲ್ಲ.