ಮೊದಲು ಕೂರಲು ಬಿಡಿ, ಆಮೇಲೆ ಬಿಪಿ ನೋಡಿ

ಇವತ್ತು ಬೆಳಗ್ಗೆ ಆಸ್ಪತ್ರೆಯಲ್ಲಿ ಅಮ್ಮನ ಬಿಪಿ 168/96 ಅಂತೆ. ಚೀಟಿಯಲ್ಲಿ ಬರೆದೂ ಆಯಿತು. ಅಲ್ಲಿಯವರು ಹೇಗೆ ನೋಡಿದರು ಅಂತ ಕೇಳಿ. ಎಪ್ಪತ್ತು ದಾಟಿದ ಅಮ್ಮ ಆಗಷ್ಟೇ ಮೆಟ್ಟಿಲು ಹತ್ತಿ ಬಂದಿದ್ದಳು, ಏದುಸಿರು ನಿಂತಿರಲಿಲ್ಲ. ಒರಗಲು ಏನೂ ಇಲ್ಲದ ಸ್ಟೂಲಿನ ಮೇಲೆ ಕೂರಿಸಿ, ಸ್ವೆಟರ್ ಮೇಲೇ ಪಟ್ಟಿ ಸುತ್ತಿದರು. ಕಾಲು ನೆಲಕ್ಕೆ ಎಟುಕುತ್ತಿಲ್ಲ, ಕೈ ಜೋತಾಡುತ್ತಿದೆ. ಪಟ್ಟಿ ಉಬ್ಬುತ್ತಿರುವಾಗಲೇ ಪ್ರಶ್ನೆ ಬೇರೆ: "ಅಜ್ಜಿ, ತಿಂಡಿ ಏನ್ ತಿಂದ್ರಿ?" ಅಮ್ಮನಿಗೆ ಅಷ್ಟು ಸಾಕಲ್ವಾ? ಅಕ್ಕಿ ರೊಟ್ಟಿಯಿಂದ ಶುರುವಾಗಿ ತಂಗಿ ಮಗನ ಮದುವೆವರೆಗೂ ಹೋದಳು.

ಐದು ನಿಮಿಷ ಸುಮ್ನೆ ಕೂರಿಸಿ ಅಂದಿದ್ದಕ್ಕೆ ನನ್ನನ್ನು ಗುರಾಯಿಸಿದರು. ನಾನೇನು ಹೊಸದು ಹೇಳಿದೆನಾ? ಬೆನ್ನು ಒರಗಿರಬೇಕು, ಪಾದ ನೆಲದ ಮೇಲಿರಬೇಕು, ಬರಿ ತೋಳಿಗೆ ಪಟ್ಟಿ ಕಟ್ಟಬೇಕು, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಬೇಕು, ಬಾಯಿ ಮುಚ್ಚಿರಬೇಕು. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು. ಅರ್ಧ ಗಂಟೆಯೊಳಗೆ ಕಾಫಿ ಕುಡಿದಿರಬಾರದು. ಮೂತ್ರ ಕಟ್ಟಿಕೊಂಡು ಕೂತರೂ ಬಿಪಿ ಏರುತ್ತದೆ, ಅದನ್ನಂತೂ ಯಾರೂ ಕೇಳೋದೇ ಇಲ್ಲ.

ಕೈ ಎಲ್ಲಿಟ್ಟರೇನು ಅನ್ನೋರಿಗೆ: ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2024ರಲ್ಲಿ ಇದನ್ನೇ ಪರೀಕ್ಷಿಸಿದರು. ಕೈ ತೊಡೆ ಮೇಲಿದ್ದರೆ ಮೇಲಿನ ಅಂಕಿ ಸುಮಾರು 4 ಜಾಸ್ತಿ, ಜೋತುಬಿಟ್ಟರೆ ಆರೂವರೆ ಜಾಸ್ತಿ ತೋರಿಸಿತು. ಇದು ಬರೀ ಕೈ ಲೆಕ್ಕ. ಮೆಟ್ಟಿಲು, ಸ್ವೆಟರ್, ಮದುವೆ ಸುದ್ದಿ ಬೇರೆ.

"ಮೇಡಂ, ಹೊರಗೆ ಎಷ್ಟು ಜನ ಇದ್ದಾರೆ ನೋಡಿ" ಅಂದರು. ನೋಡಿದೆ. ಪಾಪ, ಅವರಿಗೂ ಕೆಲಸ ಮೈತುಂಬ. ಆದರೆ ಬಿಪಿ ನೋಡಿದ ಮೇಲೆ ಡಾಕ್ಟರಿಗಾಗಿ ಮುಕ್ಕಾಲು ಗಂಟೆ ನಾವು ಅಲ್ಲೇ ಕುರ್ಚಿಯಲ್ಲಿ ಒರಗಿ ಕೂತಿದ್ದೆವಲ್ಲ? ಆ ಮುಕ್ಕಾಲು ಗಂಟೆ ಆದ ಮೇಲೆ ನೋಡಿದ್ದರೆ ಯಾರಪ್ಪನ ಗಂಟು ಹೋಗ್ತಿತ್ತು?

ಬಿಪಿ ಅಂದರೆ ನನಗೆ ಸದರ ಅಂದುಕೊಳ್ಳಬೇಡಿ. ಅಪ್ಪನ ಕಥೆ ಕೇಳಿ. ಲಕ್ವ ಹೊಡೆಯುವವರೆಗೂ ಅವರ ಬಿಪಿ ಯಾರೂ ನೋಡಿರಲಿಲ್ಲ. ಈಗಲೂ ಅಮ್ಮನ ತೋಳಿಗೆ ಪಟ್ಟಿ ಕಟ್ಟಿದಾಗ ನನ್ನ ಎದೆಯೇ ಡವಡವ ಅನ್ನುತ್ತದೆ. ಅದಕ್ಕೇ ಹೇಳೋದು, ಹೆದರೋದಾದರೂ ಸರಿಯಾದ ಅಂಕಿಗೆ ಹೆದರೋಣ.

ಡಾಕ್ಟರು ಚೀಟಿ ನೋಡಿ ಮಾತ್ರೆ ಜಾಸ್ತಿ ಮಾಡಲು ಹೊರಟರು. ನಾನು ಮನೆಯ ನೋಟ್‌ಬುಕ್ ಮುಂದಿಟ್ಟೆ. ಬೆಳಗ್ಗೆ, ಸಂಜೆ ಬರೆದದ್ದು, ಎಲ್ಲಾ 130ರ ಆಸುಪಾಸು. ಮನೆಯಲ್ಲಿ 135/85 ದಾಟಿದರೆ ಜಾಸ್ತಿ ಅಂತ ಲೆಕ್ಕ, ಆಸ್ಪತ್ರೆಯಲ್ಲಾದರೆ 140/90. ಅವರು ಓದಿದರು, ತಾವೇ ಇನ್ನೊಮ್ಮೆ ನೋಡಿದರು. 138. ಮಾತ್ರೆ ಇದ್ದಷ್ಟೇ ಇರಲಿ ಅಂದರು. ನೋಟ್‌ಬುಕ್ ಇಲ್ಲದವರ ಗತಿ? ಬೇಡದ ಮಾತ್ರೆ ನುಂಗಿ, ಬಿಪಿ ತೀರಾ ಇಳಿದು, ಬೆಳಗ್ಗೆ ಎದ್ದಾಗ ತಲೆ ತಿರುಗಿ ಬಚ್ಚಲಲ್ಲಿ ಬಿದ್ದರೆ "ವಯಸ್ಸಾಯ್ತಲ್ವಾ" ಅಂತಾರೆ. (ಇದನ್ನು ಓದಿ ನೀವಾಗಿಯೇ ಮಾತ್ರೆ ನಿಲ್ಲಿಸಿದರೆ ನಿಮಗೂ ಬೈತೀನಿ.)

ನನ್ನಂಥ ದಪ್ಪ ತೋಳಿನವರಿಗೆ ಇನ್ನೊಂದು ತಾಪತ್ರಯ. ಪಟ್ಟಿ ಚಿಕ್ಕದಾದರೂ ಅಂಕಿ ಏರುತ್ತದೆ. ತೀರಾ ದೊಡ್ಡ ಪಟ್ಟಿ ಬೇಕಾದವರಿಗೆ ಮಾಮೂಲಿ ಪಟ್ಟಿ ಕಟ್ಟಿದರೆ ಹೆಚ್ಚುಕಡಿಮೆ 20 ಜಾಸ್ತಿ ತೋರಿಸುತ್ತದೆ ಅಂತ 2023ರಲ್ಲೇ ಅದೇ ಹಾಪ್ಕಿನ್ಸ್‌ನವರು ಹೇಳಿದ್ದಾರೆ. ಬರುವಾಗ ಮೆಡಿಕಲ್ ಶಾಪಿನಲ್ಲಿ ದೊಡ್ಡ ಪಟ್ಟಿ ಕೇಳಿದೆ. "ಎಲ್ಲರಿಗೂ ಇದೇ ಆಗುತ್ತೆ ಮೇಡಂ, ಸ್ವಲ್ಪ ಬಿಗಿಯಾಗಿ ಎಳೆದು ಕಟ್ಟಿ" ಅಂದ.