ದೊಡ್ಡಮ್ಮನ ಟ್ಯಾಬ್‌ಗೆ ವೈರಸ್ ಬಂದಿಲ್ಲ

ಟ್ಯಾಬ್‌ನಲ್ಲಿ ವೈರಸ್ ಇದೆ ಅನ್ನುವ ಕೆಂಪು ಎಚ್ಚರಿಕೆ ಕಂಡ ತಕ್ಷಣ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸುವುದು ಶುದ್ಧ ದಂಡ. ನಮ್ಮ ಕೊಡಗಿನಲ್ಲಿ ಇದು ಈಗೀಗ ಜಾಸ್ತಿಯಾಗಿದೆ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾರೆ. ರಜೆಗೆ ಬಂದಾಗ ತೋಟದ ಮನೆಯಲ್ಲಿರುವ ಅಪ್ಪ ಅಮ್ಮನಿಗೆ ಒಂದು ಟ್ಯಾಬ್ ಕೊಟ್ಟು, ವಿಡಿಯೊ ಕಾಲ್ ಮಾಡುವುದನ್ನು ಹೇಳಿಕೊಟ್ಟು ಹೊರಡುತ್ತಾರೆ. ಉಳಿದದ್ದನ್ನು ಹಿರಿಯರು ತಾವೇ ಕಲಿಯುತ್ತಾರೆ. ಬೆಳಿಗ್ಗೆ ಕಾಫಿ ರೇಟು, ಕರಿಮೆಣಸಿನ ರೇಟು. ಬೇಸಿಗೆ ಬಂದರೆ ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿಯ ಲೈವ್. 1997ರಲ್ಲಿ ಕರಡದಲ್ಲಿ ಶುರುವಾದ ಪಂದ್ಯಾವಳಿಯನ್ನು ಈಗ ಮನೆಯಲ್ಲೇ ಕೂತು ನೋಡಬಹುದಲ್ವಾ!

ತಾಪತ್ರಯ ಶುರುವಾಗುವುದೂ ಅಲ್ಲೇ. ರೇಟು ತೋರಿಸುವ ಯಾವುದೋ ಸೈಟು, ಲೈವ್ ಇದೆ ಅನ್ನುವ ಇನ್ಯಾವುದೋ ಸೈಟು ಮೊದಲು ‘ಅಲೌ’ ಒತ್ತಿ ಅನ್ನುತ್ತದೆ. ಒತ್ತದೆ ಮುಂದೆ ಹೋಗಲು ಆಗುವುದಿಲ್ಲವೇನೋ ಅನ್ನಿಸುವಂತೆ ಮಾಡಿರುತ್ತಾರೆ. ಒತ್ತಿದರೆ ನೋಟಿಫಿಕೇಶನ್ ಕಳಿಸಲು ಅನುಮತಿ ಕೊಟ್ಟಂತೆ. ಆಮೇಲೆ ಆ ಸೈಟನ್ನು ತೆರೆಯದಿದ್ದರೂ ಮೇಲಿನಿಂದ ಎಚ್ಚರಿಕೆ ಇಳಿಯುತ್ತಲೇ ಇರುತ್ತದೆ. ಮುಟ್ಟಿದರೆ ದೊಡ್ಡ ಪುಟ. ಟ್ಯಾಬ್‌ನ ಮಾಡೆಲ್ ಹೆಸರು ಹಾಕಿ, ‘28.1% ಹಾಳಾಗಿದೆ, ನಾಲ್ಕು ವೈರಸ್ ಇವೆ’ ಅಂತ ಬರೆದಿರುತ್ತಾರೆ. ಜೊತೆಗೆ ಗುರ್ ಅಂತ ಕಂಪನ.

ಇದೆಲ್ಲ ನಾಟಕ. ವೆಬ್ ಪುಟಕ್ಕೆ ನಿಮ್ಮ ಟ್ಯಾಬ್‌ನ ಒಳಗೆ ಹುಡುಕುವ ಶಕ್ತಿಯೇ ಇಲ್ಲ, ಬ್ರೌಸರ್ ಬಿಡುವುದಿಲ್ಲ. ಗೇಟಿನಾಚೆ ನಿಂತವನು ನಿಮ್ಮ ಗೋಡೌನಿನ ಮೂಟೆ ಎಣಿಸಿದೆ ಅಂದ ಹಾಗೆ ಇದು. ಮಾಡೆಲ್ ಹೆಸರನ್ನು ಬ್ರೌಸರೇ ಸೈಟಿಗೆ ತಿಳಿಸುತ್ತದೆ. ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಪುಟವೊಂದು ಟ್ಯಾಬನ್ನು ಕಂಪಿಸುವಂತೆ ಮಾಡಬಹುದು, ಅಷ್ಟೇ. ‘ಕ್ಲೀನರ್’ ಆ್ಯಪ್ ಹಾಕಿಸಿಕೊಂಡರೆ ಈ ಪುಟ ತೋರಿಸಿದ ಮಧ್ಯದವನಿಗೆ ಕಮಿಷನ್ ಸಿಗುತ್ತದೆ. ಎಲ್ಲ ಅದಕ್ಕಾಗಿ.

ನನಗೆ ಸಿಟ್ಟು ಬರುವುದು ಇನ್ನೊಂದು ಸಾಲಿಗೆ. ಅಶ್ಲೀಲ ಸೈಟ್‌ಗಳಿಂದ ಈ ವೈರಸ್ ಬಂದಿದೆ ಅಂತಲೂ ಅಲ್ಲಿ ಬರೆದಿರುತ್ತಾರೆ. ಎಪ್ಪತ್ತು ದಾಟಿದ ದೊಡ್ಡಮ್ಮ ಅದನ್ನು ಮಗನಿಗೆ ಹೇಗೆ ತೋರಿಸಬೇಕು? ತೋರಿಸಲಿಲ್ಲ. ಟ್ಯಾಬನ್ನು ಸೀರೆ ಕಪಾಟಿನಲ್ಲಿಟ್ಟರು, ವಿಡಿಯೊ ಕಾಲ್ ನಿಂತಿತು. ಕೊನೆಗೆ ಪೇಟೆಯ ಒಂದು ಅಂಗಡಿಯವರು ದುಡ್ಡು ತೆಗೆದುಕೊಂಡು ಫಾರ್ಮ್ಯಾಟ್ ಮಾಡಿದರು. ಮೊಮ್ಮಗಳ ನಾಮಕರಣದ ಫೋಟೋ ಎಲ್ಲ ಹೋಯಿತು. ಮತ್ತೆ ಅದೇ ರೇಟಿನ ಸೈಟು, ಅದೇ ಅಲೌ, ಅದೇ ಎಚ್ಚರಿಕೆ! ಊರಿನ ಮಕ್ಕಳೇ, ಫೋನಿನಲ್ಲಿ ‘ಏನೇನೋ ಒತ್ತಬೇಡಿ ಅಂದಿದ್ದೆ’ ಅಂತ ಬೈಯುವ ಮೊದಲು ಇದನ್ನು ಯೋಚಿಸಿ. ಬೈಗುಳಕ್ಕೆ ಹೆದರಿದವರು ಮುಂದಿನ ಸಲ ನಿಜವಾದ ಮೋಸವನ್ನೂ ಹೇಳುವುದಿಲ್ಲ.

ಮಾಡಬೇಕಾದ್ದು ಕಷ್ಟವಿಲ್ಲ. ಪುಟದೊಳಗಿನ ಯಾವ ಬಟನ್ನನ್ನೂ ಒತ್ತಬೇಡಿ. ಅಲ್ಲಿರುವ ‘ಕ್ಯಾನ್ಸಲ್’ ಕೂಡ ಅವರದ್ದೇ. ಇತ್ತೀಚಿನ ಆ್ಯಪ್‌ಗಳ ಪಟ್ಟಿಗೆ ಹೋಗಿ ಕ್ರೋಮ್ ಅನ್ನು ಸರಿಸಿ ಮುಚ್ಚಿ. ಮತ್ತೆ ತೆರೆದು ಮೂರು ಚುಕ್ಕಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅನುಮತಿ ಪಡೆದ ಸೈಟ್‌ಗಳ ಪಟ್ಟಿ ಅಲ್ಲಿರುತ್ತದೆ. ಗುರುತಿಲ್ಲದ್ದನ್ನೆಲ್ಲ ಬ್ಲಾಕ್ ಮಾಡಿ. ದೊಡ್ಡಮ್ಮನಿಗಾದರೆ ನಾನು ಎಲ್ಲವನ್ನೂ ಒಟ್ಟಿಗೇ ಆಫ್ ಮಾಡಿಬಿಟ್ಟೆ. ಕಾಫಿ ರೇಟು ನೋಟಿಫಿಕೇಶನ್ ಇಲ್ಲದೆಯೂ ಕಾಣುತ್ತದೆ.

ಬ್ರೌಸರ್ ತೆರೆಯದಿದ್ದಾಗಲೂ ಪರದೆ ತುಂಬ ಜಾಹೀರಾತು ಬರುತ್ತಿದ್ದರೆ ಯಾವುದೋ ಆ್ಯಪ್ ಮೇಲೆ ಅನುಮಾನ ಪಡಿ. ಟಾರ್ಚು, ಕ್ಲೀನರ್, ವಾಲ್‌ಪೇಪರ್ ಅಂಥವು. ಪವರ್ ಮೆನುವಿನಲ್ಲಿ ‘ಪವರ್ ಆಫ್’ ಮೇಲೆ ಬೆರಳು ಒತ್ತಿ ಹಿಡಿದರೆ ಹೆಚ್ಚಿನ ಟ್ಯಾಬ್‌ಗಳಲ್ಲಿ ಸೇಫ್ ಮೋಡ್ ಸಿಗುತ್ತದೆ. ಅಲ್ಲಿ ನಾವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ಈಚೆಗೆ ಬಂದದ್ದನ್ನು ನೆಮ್ಮದಿಯಿಂದ ತೆಗೆಯಬಹುದು. ಆಮೇಲೆ ಪ್ಲೇ ಸ್ಟೋರ್‌ನ ಪ್ಲೇ ಪ್ರೊಟೆಕ್ಟ್‌ನಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ. ಐಪ್ಯಾಡ್‌ನಲ್ಲಿ ಕೆಲವೊಮ್ಮೆ ಈ ನಕಲಿ ಎಚ್ಚರಿಕೆ ಕ್ಯಾಲೆಂಡರ್‌ನಲ್ಲಿ ಬಂದು ಕೂರುತ್ತದೆ. ಆಗ ಆ ಗುರುತಿಲ್ಲದ ಕ್ಯಾಲೆಂಡರನ್ನೇ ಅಳಿಸಬೇಕು.

ಪರದೆಯ ಮೇಲಿನ ನಂಬರಿಗೆ ಫೋನ್ ಮಾಡಿ, ಅವರು ಹೇಳಿದ ರಿಮೋಟ್ ಆ್ಯಪ್ (ದೂರದಿಂದಲೇ ನಮ್ಮ ಟ್ಯಾಬ್ ನಡೆಸುವಂಥದ್ದು) ಹಾಕಿಕೊಂಡವರ ಕಥೆ ಮಾತ್ರ ಬೇರೆ. 2023ರ ಅಕ್ಟೋಬರ್‌ನಲ್ಲಿ ಸಿಬಿಐ ‘ಆಪರೇಷನ್ ಚಕ್ರ 2’ ಹೆಸರಲ್ಲಿ ದಾಳಿ ಮಾಡಿದಾಗ ಸಿಕ್ಕವರಲ್ಲಿ ಇಂಥ ನಕಲಿ ಟೆಕ್ ಸಪೋರ್ಟ್‌ನವರೂ ಇದ್ದರು. ದುಡ್ಡು ಹೋಗಿದ್ದರೆ ನಾಚಿಕೆ ಬಿಟ್ಟು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ದುಡ್ಡು ತಡೆಯುವುದು ಕಷ್ಟ.

ಉಳಿದವರು ಅಂಗಡಿಗೆ ಹೊರಡುವ ಮೊದಲು ಪರದೆಯ ಫೋಟೋ ತೆಗೆದು ನನಗೆ ಮೆಸೇಜ್ ಮಾಡಿ. ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗೆ ಇದ್ದ ಹೊತ್ತಿಗೆ ಉತ್ತರ ಬರೆಯುತ್ತೇನೆ.